ಮಾಳಿಗೆಯ ಮೇಲಿನ ಗಣಿ

ಕಳೆದ ಶ್ರಾವಣ ಮಾಸದಲ್ಲಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಭಕ್ತರೊಬ್ಬರ ಮನೆಗೆ ನಾವು ಪ್ರಸಾದಕ್ಕೆ ಹೋಗಿದ್ದೆವು. ಆ ಮನೆತನದ ಪರಿಚಯ ನಮಗೆ ನಾಲ್ವತ್ತು ವರ್ಷಗಳಷ್ಟು ಹಳೆಯದು. ಯಜಮಾನರು ಅಮರಗೋಳದ ಕೃಷಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ನಡೆಸುತ್ತಾರೆ. ಲೆಕ್ಕದಲ್ಲಿ ಒಂದು ಪೈಸೆಯ ವ್ಯತ್ಯಾಸವನ್ನೂ ಸಹಿಸದ ಮನುಷ್ಯರು. ಪ್ರಸಾದವಾದ ಮೇಲೆ ಅವರು ನಮ್ಮನ್ನು ಪಡಸಾಲೆಯ ಒಂದು ಬದಿಗೆ ಕರೆದು, "ಪಂಡಿತರ, ಒಂದು ಮಾತು ಕೇಳೂದೈತ್ರಿ. ಬೀಗರ ವಿಷಯ, ಹೊರಗ ಯಾರ ಮುಂದೂ ಹೇಳೂ ಹಂಗಿಲ್ಲ" ಎಂದರು.

ವಿಷಯವಿಷ್ಟೇ. ಮಗಳನ್ನು ಕೊಟ್ಟ ಮನೆಯ ಕಡೆಯ ಹಿರಿಯರೊಬ್ಬರು ಒಂದು ಬಣ್ಣದ ಪುಸ್ತಿಕೆಯನ್ನು ಹಿಡಿದು ಎರಡು ಸಲ ಮನೆಗೆ ಬಂದು ಹೋಗಿದ್ದರು. ಮೂರು ಲಕ್ಷ ರೂಪಾಯಿ ಕೊಟ್ಟರೆ ದೂರದ ಶೀತದೇಶವೊಂದರಲ್ಲಿ ಇವರ ಹೆಸರಿನಲ್ಲಿ ಯಂತ್ರಗಳು 'ಮೈನಿಂಗ್' ಮಾಡುವುವಂತೆ. ತಿಂಗಳಿಗೆ ನೂರಕ್ಕೆ ಹತ್ತರಂತೆ ಹದಿನೆಂಟು ತಿಂಗಳು ಹಣ ಬರುವುದಂತೆ. ಯಜಮಾನರ ಕೈಯಲ್ಲಿ ಉಳಿದಿದ್ದುದು ಅವರ ವೃದ್ಧ ತಾಯಿಯ ಹೆಸರಿನಲ್ಲಿ ಔಷಧೋಪಚಾರಕ್ಕೆಂದು ಇಟ್ಟ ಠೇವಣಿ ಮಾತ್ರ. ಬೀಗರ ಮಾತನ್ನು ತೆಗೆದುಹಾಕಿದರೆ ಮಗಳ ಮನೆಯಲ್ಲಿ ಏನಾದೀತೋ ಎಂಬ ಅಂಜಿಕೆ ಒಂದು ಕಡೆ, ಠೇವಣಿ ಹೋದರೆ ತಾಯಿಯ ಗತಿಯೇನು ಎಂಬ ಚಿಂತೆ ಇನ್ನೊಂದು ಕಡೆ.

ಮಠದ ಪ್ರಸಾದ ನಿಲಯದಲ್ಲಿದ್ದುಕೊಂಡು ವ್ಯಾಕರಣವನ್ನೂ ಷಟ್‌ಸ್ಥಲ ಶಾಸ್ತ್ರವನ್ನೂ ಓದಿದ ನಮಗೆ ಈ ವಿದ್ಯೆಯ ಗಂಧವೂ ಇಲ್ಲ. ಹಾಗೆಂದು ಹೇಳಿದೆವು. ಆಗ ಅವರು, "ನನ್ನ ಮಗಗ ಗೊತ್ತೈತ್ರಿ. ಆದ್ರ ಅವ ನನ್ನ ಮುಂದ ಆ ಸುದ್ದಿ ತಗ್ಯಾಂಗಿಲ್ಲ. ಮೂರು ವರ್ಷದಿಂದ ನಾವಿಬ್ಬರೂ ಅದನ್ನ ಮಾತಾಡಿಲ್ಲ" ಎಂದು ತಲೆ ತಗ್ಗಿಸಿದರು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ ಅಂದು ಹಬ್ಬಕ್ಕಾಗಿ ಮನೆಗೆ ಬಂದಿದ್ದನು. ನಾವು ಅವನನ್ನು ಕರೆದುಕೊಂಡು ಮಾಳಿಗೆ ಹತ್ತಿದೆವು.

ಮೇಲಿನ ಚಿಕ್ಕ ಖೋಲಿಯಲ್ಲಿ ಅಲ್ಯೂಮಿನಿಯಂ ಪಟ್ಟಿಗಳಿಂದ ಕಟ್ಟಿದ ಖಾಲಿ ಚೌಕಟ್ಟೊಂದು ಗೋಡೆಗೆ ಒರಗಿತ್ತು. ಜೇಡರ ಬಲೆ ಕಟ್ಟಿತ್ತು. ಸ್ವಿಚ್ ಬೋರ್ಡಿನ ಒಂದು ಮೂಲೆ ಕರಗಿ ಕಪ್ಪಾಗಿತ್ತು. "ಇಲ್ಲೇ ಅಜ್ಜಾರ, ಆರು ಕಾರ್ಡ್ ಇದ್ದೂ" ಎಂದನು ಹುಡುಗ. ಅವನಿಂದ ಅಂದು ಮೂರು ತಾಸು ಕೇಳಿ ತಿಳಿದುದನ್ನೂ, ಬಳಿಕ ಬಲ್ಲವರನ್ನು ವಿಚಾರಿಸಿ ಅರಿತುದನ್ನೂ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂಥ ಖೋಲಿಗಳಿದ್ದವೆಂದೂ, ಇಂಥ ಪುಸ್ತಿಕೆಗಳು ಈಗಲೂ ತಿರುಗಾಡುತ್ತಿವೆಯೆಂದೂ ಆಮೇಲೆ ನಮಗೆ ತಿಳಿಯಿತು.

ಹುಬ್ಬಳ್ಳಿಯ ಹಳೆಯ ವ್ಯಾಪಾರಸ್ಥರಿಗೆ ಕಿರ್ದಿ, ಖತಾವಣಿಗಳನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ದೀಪಾವಳಿಗೆ ಹೊಸ ಕಿರ್ದಿಯನ್ನು ಪೂಜಿಸಿ ತೆರೆಯುತ್ತಾರೆ. ಪ್ರತಿಯೊಂದು ಪುಟದ ತಲೆಯಲ್ಲಿ ಹಿಂದಿನ ಪುಟದ ಶಿಲ್ಕು ಬರೆದಿರುತ್ತದೆ. ಹಿಂದಿನ ಪುಟದಲ್ಲಿ ಒಂದು ಅಂಕಿಯನ್ನು ತಿದ್ದಿದರೆ ಮುಂದಿನ ಎಲ್ಲ ಪುಟಗಳ ಶಿಲ್ಕೂ ತಪ್ಪುತ್ತದೆ. ಬಿಟ್‌ಕಾಯಿನ್ ಎಂಬುದು ಮೂಲತಃ ಇಂಥದೊಂದು ಕಿರ್ದಿ. ಆದರೆ ಅದು ಒಬ್ಬ ಸಾಹುಕಾರನ ಪೆಟ್ಟಿಗೆಯಲ್ಲಿ ಇರದೆ ಜಗತ್ತಿನ ಸಾವಿರಾರು ಗಣಕಯಂತ್ರಗಳಲ್ಲಿ ಏಕಕಾಲಕ್ಕೆ ಇರುತ್ತದೆ. ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಯಾರೋ ಒಬ್ಬರು ೨೦೦೮ರ ಅಕ್ಟೋಬರ್ ೩೧ರಂದು ಇದರ ವಿಧಾನವನ್ನು ಪ್ರಕಟಿಸಿದರು. ಮೊದಲ ಪುಟ ೨೦೦೯ರ ಜನವರಿ ೩ರಂದು ಬರೆಯಲ್ಪಟ್ಟಿತು. ಆ ಹೆಸರಿನ ಹಿಂದಿರುವವರು ಯಾರೆಂಬುದು ಇಂದಿಗೂ ಸಿದ್ಧವಾಗಿಲ್ಲ.

ಮುನೀಮನಿಲ್ಲದ ಕಿರ್ದಿಯಲ್ಲಿ ಹೊಸ ಪುಟವನ್ನು ಬರೆಯುವವರು ಯಾರು? ಅದಕ್ಕೊಂದು ಪಂದ್ಯವನ್ನಿಟ್ಟಿದ್ದಾರೆ. ಪುಟದ ಲೆಕ್ಕಕ್ಕೆ ಒಂದು ಸಂಖ್ಯೆಯನ್ನು ಸೇರಿಸಿ ನಿರ್ದಿಷ್ಟ ಗಣಿತಕ್ರಮದಿಂದ ಅರೆದರೆ ಒಂದು ಮುದ್ರೆ ಹೊರಬೀಳುತ್ತದೆ. ಆ ಮುದ್ರೆಯ ಆರಂಭದಲ್ಲಿ ಇಂತಿಷ್ಟು ಸೊನ್ನೆಗಳು ಬರಬೇಕೆಂದು ನಿಯಮ. ಯಾವ ಸಂಖ್ಯೆಗೆ ಅಂಥ ಮುದ್ರೆ ಬರುವುದೆಂದು ಮುಂಚಿತವಾಗಿ ಯಾವ ಪಂಡಿತನೂ ಹೇಳಲಾರ. ಒಂದಾದ ಮೇಲೊಂದನ್ನು ಹಾಕಿ ನೋಡುವುದೊಂದೇ ದಾರಿ. ಮೊದಲು ಕಂಡುಹಿಡಿದವನು ಪುಟವನ್ನು ಬರೆಯುತ್ತಾನೆ, ಬಹುಮಾನವಾಗಿ ಹೊಸ ನಾಣ್ಯಗಳನ್ನು ಪಡೆಯುತ್ತಾನೆ. ಸುಮಾರು ಹತ್ತು ನಿಮಿಷಕ್ಕೊಂದು ಪುಟ. ಪಂದ್ಯಕ್ಕೆ ಯಂತ್ರಗಳು ಹೆಚ್ಚಾದಂತೆ ನಿಯಮವೂ ತಾನಾಗಿ ಬಿಗಿಯಾಗುತ್ತದೆ. ಬಹುಮಾನ ಆರಂಭದಲ್ಲಿ ೫೦ ನಾಣ್ಯವಿದ್ದುದು ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತ ೨೦೨೪ರ ಏಪ್ರಿಲ್‌ನಿಂದ ೩.೧೨೫ ಆಗಿದೆ. ಒಟ್ಟು ೨ ಕೋಟಿ ೧೦ ಲಕ್ಷ ನಾಣ್ಯಗಳಿಗಿಂತ ಹೆಚ್ಚು ಎಂದೂ ಆಗಲಾರವು. ನೆಲದ ಚಿನ್ನದಂತೆ ಇದೂ ಅಗೆದಷ್ಟೂ ದುರ್ಲಭವಾಗುವುದರಿಂದ ಈ ಕೆಲಸಕ್ಕೆ ಗಣಿಗಾರಿಕೆಯೆಂದೇ ಹೆಸರು ಬಿದ್ದಿತು.

ಚಿನ್ನದ ಮಾತು ಬಂದಾಗ ನಮಗೆ ನಮ್ಮ ಸೀಮೆಯ ಜಾಲಗಾರರ ನೆನಪಾಯಿತು. ಇಂದಿನ ಗದಗ ಜಿಲ್ಲೆಯ ಡಂಬಳ, ಕಪ್ಪತಗುಡ್ಡದ ಪ್ರದೇಶ ಹಿಂದೆ ಧಾರವಾಡ ಜಿಲ್ಲೆಗೇ ಸೇರಿತ್ತು. ಅಲ್ಲಿಯ ಹಳ್ಳಗಳ ಉಸುಕನ್ನು ಮರದ ಮರಿಗೆಗಳಲ್ಲಿ ತೊಳೆದು ಚಿನ್ನದ ಕಣಗಳನ್ನು ಹೆಕ್ಕುತ್ತಿದ್ದವರೇ ಜಾಲಗಾರರು. ಭೂಗರ್ಭ ಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ ಅವರು ೧೮೭೪ರಲ್ಲಿ ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು ಬರೆದರು. ನಮ್ಮ ಊರಿನ ಹೆಸರು ಜಗತ್ತಿನ ಶಿಲಾಶಾಸ್ತ್ರದ ಪುಸ್ತಕಗಳಲ್ಲೆಲ್ಲ 'ಧಾರವಾಡ ಶಿಲೆ' ಎಂದು ಸೇರಿದ್ದು ಅವರಿಂದಲೇ. ಮುಂದೆ ೨೦ನೆಯ ಶತಮಾನದ ಆರಂಭದಲ್ಲಿ ಗದುಗಿನ ಸೀಮೆಗೆ ಬ್ರಿಟಿಷ್ ಕಂಪನಿಗಳು ಬಂದವು, ಬಾವಿ ತೋಡಿದವು, ಕೆಲವೇ ವರ್ಷಗಳಲ್ಲಿ ಬಾಗಿಲು ಮುಚ್ಚಿದವು. ಇತ್ತ ಮೈಸೂರು ಸಂಸ್ಥಾನದಲ್ಲಿ ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೧೪೭ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದು ವಿದ್ಯುತ್ತನ್ನು ಒಯ್ದರು. ಆ ಸಂಸ್ಥಾನದಲ್ಲಿ ಜಲವಿದ್ಯುತ್ತು ಮೊದಲು ಬೆಳಗಿದ್ದು ಯಾರ ಮನೆಯನ್ನೂ ಅಲ್ಲ, ಗಣಿಯನ್ನು. ಆ ಗಣಿಯೂ ೨೦೦೧ರಲ್ಲಿ ಮುಚ್ಚಿಹೋಯಿತು. ಗಣಿಗೂ ವಿದ್ಯುತ್ತಿಗೂ ಇರುವ ಈ ನಂಟು ವಿದ್ಯಾನಗರದ ಮಾಳಿಗೆಯವರೆಗೂ ಬಂದಿತೆಂಬುದು ಆಶ್ಚರ್ಯವೇ ಸರಿ.

ಗ್ರಾಫಿಕ್ಸ್ ಕಾರ್ಡಿಗೂ ಇದಕ್ಕೂ ಏನು ಸಂಬಂಧವೆಂದು ಕೇಳಿದೆವು. ಗಣಕದ ಪರದೆಯ ಮೇಲೆ ಆಟಗಳ ಚಿತ್ರ ಬಿಡಿಸಲೆಂದು ಮಾಡಿದ ಫಲಕವದು. ಗಣಕದ ಮುಖ್ಯ ಮಿದುಳು ಕಠಿಣವಾದ ಲೆಕ್ಕಗಳನ್ನು ಕ್ರಮವಾಗಿ ಬಿಡಿಸುವ ಒಬ್ಬ ಶಾಸ್ತ್ರಿಯಂತೆ. ಗ್ರಾಫಿಕ್ಸ್ ಕಾರ್ಡಾದರೋ ನಮ್ಮ ಹಳೆಯ ಗಾವಠಿ ಶಾಲೆಯಂತೆ. ಸಾವಿರಾರು ಹುಡುಗರು ಒಂದೇ ಉಸುರಿಗೆ ಸುಲಭದ ಮಗ್ಗಿಗಳನ್ನು ಒದರುತ್ತಾರೆ. ಬುದ್ಧಿಯಿಲ್ಲದ, ಸಂಖ್ಯೆ ಮಾತ್ರ ಅಪಾರವಾದ ಈ ಹುಡುಕಾಟಕ್ಕೆ ಗಾವಠಿ ಶಾಲೆಯೇ ಸರಿ. ೨೦೧೦ರಲ್ಲಿಯೇ ಹವ್ಯಾಸಿಗಳಿಗೆ ಇದು ಹೊಳೆಯಿತು. ಹಾಗೆ ಮೊದಲು ಕಾರ್ಡಿನಿಂದ ಅಗೆದವರಲ್ಲಿ ಒಬ್ಬನಾದ ಅಮೆರಿಕದ ಲಾಸ್ಲೊ ಹಾನ್ಯೆಜ್ ಎಂಬಾತ ಆ ವರ್ಷದ ಮೇ ತಿಂಗಳಲ್ಲಿ ೧೦,೦೦೦ ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡು ತಿಂದನಂತೆ. ಅವನನ್ನು ಈಗ ಎಲ್ಲರೂ ನಗುತ್ತಾರೆ. ಅವನಾದರೂ ಹಸಿವಾದಾಗ ಉಂಡನು. ನಮಗೆ ಅವನ ಮೇಲೆ ಸಿಟ್ಟಿಲ್ಲ.

೨೦೧೩ರ ಸುಮಾರಿಗೆ ಬಿಟ್‌ಕಾಯಿನ್ನಿಗೆಂದೇ ಮಾಡಿದ ವಿಶೇಷ ಯಂತ್ರಗಳು ಬಂದವು. ಇಂದಿನ ಅಂಥ ಒಂದು ಯಂತ್ರದ ಮುಂದೆ ಗ್ರಾಫಿಕ್ಸ್ ಕಾರ್ಡಿನ ವೇಗ ಹತ್ತಾರು ಸಾವಿರದಲ್ಲಿ ಒಂದು ಪಾಲೂ ಅಲ್ಲ. ಹವ್ಯಾಸಿಗಳಿಗೆ ಉಳಿದಿದ್ದು ೨೦೧೫ರ ಜುಲೈ ೩೦ರಂದು ಆರಂಭವಾದ ಈಥೀರಿಯಂ ಎಂಬ ಇನ್ನೊಂದು ಜಾಲ. ಅದರ ಪಂದ್ಯಕ್ಕೆ ಹೆಚ್ಚು ಸ್ಮೃತಿಕೋಶ ಬೇಕಾಗುವಂತೆ ನಿಯಮ ಮಾಡಿದ್ದರಿಂದ ಗ್ರಾಫಿಕ್ಸ್ ಕಾರ್ಡುಗಳಿಗೆ ಅಲ್ಲಿ ಬೆಲೆಯಿತ್ತು. ಒಂಟಿ ಮನೆಯವನಿಗೆ ಬಹುಮಾನ ಸಿಕ್ಕುವುದು ವರ್ಷಗಟ್ಟಲೆ ಆಗದಿರಬಹುದು. ಆದ್ದರಿಂದ ಲಕ್ಷಾಂತರ ಜನ ಒಂದು 'ಪೂಲ್' ಸೇರಿ, ಸಿಕ್ಕಿದ್ದನ್ನು ದುಡಿಮೆಯ ಪ್ರಮಾಣದಂತೆ ಹಂಚಿಕೊಳ್ಳುತ್ತಿದ್ದರು. ನಮ್ಮ ರೈತರ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದು ಬೇಗ ತಿಳಿದೀತು.

ಕೊರೊನಾದ ಕಾಲ. ಕಾಲೇಜಿನ ಪಾಠಗಳು ಮನೆಯಲ್ಲಿಯೇ ಗಣಕದ ಮುಂದೆ ನಡೆಯುತ್ತಿದ್ದವು. ಹುಡುಗ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದನು. ಜಗತ್ತಿನಲ್ಲೆಲ್ಲ ಕಾರ್ಡುಗಳಿಗೆ ಬರ ಬಂದಿತ್ತು. ಗಣಿಗಾರರು ಎಲ್ಲವನ್ನೂ ಕೊಂಡುಬಿಡುತ್ತಾರೆಂದು ಎನ್‌ವಿಡಿಯಾ ಕಂಪನಿ ೨೦೨೧ರಲ್ಲಿ ಹೊಸ ಕಾರ್ಡುಗಳಿಗೆ ಈಥೀರಿಯಂ ಅಗೆಯುವಾಗ ವೇಗ ತಗ್ಗುವಂಥ ಕೀಲಿಯನ್ನು ಹಾಕಿತು. ಕೀಲಿಯಿಲ್ಲದ ಹಳೆಯ ಕಾರ್ಡುಗಳಿಗೆ ಬೆಲೆ ಇನ್ನೂ ಏರಿತು. ಹುಡುಗ ತಂದೆಯ ಮುಂದೆ ಕಾಗದದಲ್ಲಿ ಲೆಕ್ಕ ಬರೆದು ತೋರಿಸಿದನು. ಮಗಳ ಮದುವೆಗೆಂದು ಪತ್ತಿನ ಸಂಘದಲ್ಲಿ ಇಟ್ಟ ಠೇವಣಿಯನ್ನು ಯಜಮಾನರು ಬಿಡಿಸಿಕೊಟ್ಟರು. ತಲಾ ೬೨,೦೦೦ ರೂಪಾಯಿಯಂತೆ ಆರು ಕಾರ್ಡು, ಉಳಿದ ಸಾಮಾನಿಗೆ ೬೮,೦೦೦. ಒಟ್ಟು ೪,೪೦,೦೦೦. ೨೦೨೧ರ ಆಗಸ್ಟ್ ನಡುವೆ ಯಂತ್ರ ಹೂಡಿದರು.

ಮೊದಲ ತಿಂಗಳುಗಳಲ್ಲಿ ದಿನಕ್ಕೆ ಸುಮಾರು ೧,೬೦೦ ರೂಪಾಯಿ ಬೆಲೆಯ ಈಥರ್ ಜಮೆಯಾಗುತ್ತಿತ್ತು. ಯಜಮಾನರು ಅಂಗಡಿಯಿಂದ ಬಂದವರು ಕಾಲು ತೊಳೆಯುವ ಮುಂಚೆ ಮಾಳಿಗೆಗೆ ಹೋಗಿ ನೋಡಿ ಬರುತ್ತಿದ್ದರಂತೆ. ಮನೆಯ ಹಿರಿಯ ಅವ್ವನಿಗೆ ಮಾತ್ರ ಇದು ಸೇರಲಿಲ್ಲ. ಅವರ ಖೋಲಿ ಅದಕ್ಕೆ ಸರಿಯಾಗಿ ಕೆಳಗೆ. "ಹಗಲಿ ರಾತ್ರಿ ಭರ್ರ್ ಅಂತ ಸಪ್ಪಳ, ಮ್ಯಾಲ ಚುರಮರಿ ಭಟ್ಟಿ ಹಚ್ಚಿದಂಗ ಕಾವು" ಎಂದು ಅವರು ಇಂದಿಗೂ ಹೇಳುತ್ತಾರೆ. ೨೦೨೨ರ ಏಪ್ರಿಲ್ ಬಿಸಿಲಿನಲ್ಲಿ ಸ್ವಿಚ್ ಬೋರ್ಡು ಕರಗಿತು. ಅದೃಷ್ಟಕ್ಕೆ ಮನೆಯಲ್ಲಿ ಜನರಿದ್ದರು.

ತಿಂಗಳಿಗೆ ೧೩೦ ಯೂನಿಟ್ಟು ಉರಿಸುತ್ತಿದ್ದ ಮನೆ ೭೮೦ ಯೂನಿಟ್ಟಿಗೆ ಏರಿತ್ತು. ಹೆಸ್ಕಾಂ ಬಿಲ್ಲು ತಿಂಗಳಿಗೆ ಐದೂವರೆ ಸಾವಿರ ಹೆಚ್ಚಾಯಿತು. ಆಗ ಅದು ದೊಡ್ಡದೆನಿಸಲಿಲ್ಲ. ಆದರೆ ಈಥರಿನ ಬೆಲೆ ೨೦೨೧ರ ನವೆಂಬರಿನಲ್ಲಿ ೪,೮೦೦ ಡಾಲರ್ ಮುಟ್ಟಿದ್ದುದು ೨೦೨೨ರ ಜೂನಿನಲ್ಲಿ ಒಂದು ಸಾವಿರದ ಕೆಳಗಿಳಿಯಿತು. ಹುಡುಗ ಒಂದನ್ನೂ ಮಾರಿರಲಿಲ್ಲ. ಇನ್ನೂ ಏರುತ್ತದೆ, ಇನ್ನೂ ಏರುತ್ತದೆ ಎಂದು ಕಾಯುತ್ತಿದ್ದನು. ತಂದೆಯೂ ಬೇಡವೆನ್ನಲಿಲ್ಲ, ಮೆಣಸಿನಕಾಯಿಯ ಧಾರಣೆಯಲ್ಲಿ ಎಂದೂ ಹಾಗೆ ಕಾಯದ ಮನುಷ್ಯರು ಇಲ್ಲಿ ಕಾದರು.

೨೦೨೨ರ ಸೆಪ್ಟೆಂಬರ್ ೧೫. ಅಂದು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ, ಕಾಲೇಜುಗಳಲ್ಲಿ ಎಂಜಿನಿಯರರ ದಿನಾಚರಣೆ. ಮಧ್ಯಾಹ್ನ ಹನ್ನೆರಡು ಗಂಟೆ ದಾಟಿ ಕೆಲವು ನಿಮಿಷಗಳಾಗಿದ್ದವು. ಈಥೀರಿಯಂ ಜಾಲ ತನ್ನ ನಿಯಮವನ್ನೇ ಬದಲಿಸಿತು. ಪಂದ್ಯದ ಬದಲು, ನಾಣ್ಯಗಳನ್ನು ಒತ್ತೆಯಿಟ್ಟವರು ಕಿರ್ದಿ ಬರೆಯುವ ಪದ್ಧತಿ ಬಂದಿತು. ಗಣಿಗಾರಿಕೆ ನಿಂತಿತು. ಜಾಲಕ್ಕೆ ತಗಲುವ ವಿದ್ಯುತ್ತು ನೂರಕ್ಕೆ ೯೯ಕ್ಕಿಂತ ಹೆಚ್ಚು ಪಾಲು ಇಳಿಯಿತು. ಜಗತ್ತಿನ ಲಕ್ಷಾಂತರ ಕಾರ್ಡುಗಳು ಒಂದೇ ಗಳಿಗೆಗೆ ನಿರುದ್ಯೋಗಿಗಳಾಗಿ ಬೇರೆ ಸಣ್ಣ ನಾಣ್ಯಗಳ ಮೇಲೆ ಮುಗಿಬಿದ್ದವು; ಅಲ್ಲಿ ಸಿಕ್ಕುವುದು ಕರೆಂಟಿನ ಖರ್ಚಿಗೂ ಸಾಲದಾಯಿತು. ಈ ಬದಲಾವಣೆ ಬರುವುದೆಂದು ವರ್ಷಗಳ ಹಿಂದಿನಿಂದ ಎಲ್ಲರಿಗೂ ಗೊತ್ತಿತ್ತಂತೆ. "ನನಗೂ ಗೊತ್ತಿತ್ರಿ ಅಜ್ಜಾರ. ಮುಂದ ಹಾಕ್ತಾರ ಅಂತ ತಿಳಿದಿದ್ದೆ" ಎಂದನು.

ಮಗಳ ಮದುವೆ ಡಿಸೆಂಬರಿಗೆ ನಿಶ್ಚಯವಾಗಿತ್ತು. ಕೂಡಿಟ್ಟ ಎರಡು ಈಥರಿಗಿಂತ ತುಸು ಹೆಚ್ಚನ್ನು ಮಾರಿದಾಗ ಬಂದುದು ೨,೨೦,೦೦೦. ಸರಕಾರ ೨೦೨೨ರ ಏಪ್ರಿಲ್ ೧ರಿಂದ ಇಂಥ ಆದಾಯಕ್ಕೆ ನೂರಕ್ಕೆ ೩೦ರಂತೆ ತೆರಿಗೆ ವಿಧಿಸಿದೆ. ಒಂದರಲ್ಲಿ ಆದ ಹಾನಿಯನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಗಣಿಗಾರಿಕೆಯ ಯಂತ್ರಗಳ ಖರ್ಚನ್ನು ನಾಣ್ಯ ಕೊಂಡ ಬೆಲೆಯೆಂದು ತೋರಿಸುವಂತೆಯೂ ಇಲ್ಲ. ಸುಂಕ ಸೇರಿ ೬೮,೬೪೦ ಹೋಗಿ ಉಳಿದುದು ೧,೫೧,೩೬೦. ಐದು ಕಾರ್ಡುಗಳನ್ನು ತಲಾ ೨೦,೦೦೦ಕ್ಕೆ ಆಟದ ಹುಚ್ಚಿನ ಹುಡುಗರಿಗೆ ಮಾರಿದರು. ಹದಿಮೂರು ತಿಂಗಳ ಕರೆಂಟು ೭೧,೫೦೦. ಯಜಮಾನರ ಕಿರ್ದಿಯ ರೀತಿಯಲ್ಲಿ ಬರೆದರೆ ಖರ್ಚು ೫,೧೧,೫೦೦, ಜಮೆ ೨,೫೧,೩೬೦. ಎರಡು ಲಕ್ಷ ಅರವತ್ತು ಸಾವಿರ ರೂಪಾಯಿ ಹಾನಿ. ಅದೇ ನಾಣ್ಯಗಳನ್ನು ಆಯಾ ದಿನದ ಬೆಲೆಗೆ ಮಾರಿದ್ದರೆ ನಾಲ್ಕು ಲಕ್ಷಕ್ಕೂ ಮೇಲೆ ಬರುತ್ತಿತ್ತು. ಯಂತ್ರ ಹೇಳಿದಷ್ಟನ್ನು ಮಾಡಿತ್ತು.

ಇನ್ನೊಂದು ಪೆಟ್ಟು ಯಾರೂ ಎಣಿಸದ ಕಡೆಯಿಂದ ಬಂದಿತು. ೨೦೨೩ರಲ್ಲಿ ರಾಜ್ಯ ಸರಕಾರ ಗೃಹಜ್ಯೋತಿ ಯೋಜನೆಯನ್ನು ತಂದಾಗ, ೨೦೨೨-೨೩ನೆಯ ಸಾಲಿನ ತಿಂಗಳ ಸರಾಸರಿ ಬಳಕೆ ೨೦೦ ಯೂನಿಟ್ಟಿನೊಳಗಿದ್ದ ಮನೆಗಳಿಗೆ ಉಚಿತ ವಿದ್ಯುತ್ತೆಂದು ನಿಯಮ ಮಾಡಿತು. ಗಣಿ ನಡೆದ ಐದೂವರೆ ತಿಂಗಳು ಅದೇ ಸಾಲಿನಲ್ಲಿ ಬಂದಿದ್ದುದರಿಂದ ಇವರ ಸರಾಸರಿ ನಾಲ್ಕುನೂರನ್ನು ದಾಟಿತ್ತು. ಓಣಿಯ ಎಲ್ಲ ಮನೆಗಳಿಗೆ ಸೊನ್ನೆ ಬಿಲ್ಲು ಬರುವಾಗ ಇವರ ಮನೆಗೆ ಮಾತ್ರ ಹಣ ಕಟ್ಟುವ ಬಿಲ್ಲು ಬಂದಿತು. ಎರಡೂವರೆ ಲಕ್ಷದ ಹಾನಿಗಿಂತ ಈ ತಿಂಗಳ ಬಿಲ್ಲೇ ತಂದೆ ಮಕ್ಕಳ ನಡುವೆ ಮಾತು ನಿಲ್ಲಿಸಿತೆಂದು ಅವ್ವನವರು ನಮ್ಮ ಕಿವಿಯಲ್ಲಿ ಹೇಳಿದರು.

"ಇದು ಕಾಯಕವೇನೋ ತಮ್ಮಾ?" ಎಂದು ನಾವು ಹುಡುಗನನ್ನು ಕೇಳಿದೆವು. ಅವನು ಸ್ವಲ್ಪ ಯೋಚಿಸಿ, ಪರರ ಲೆಕ್ಕವನ್ನು ಯಾರೂ ತಿದ್ದದಂತೆ ಕಾಯುವುದು ಕೆಲಸವಲ್ಲವೇ ಎಂದನು. ಆ ಮಾತನ್ನು ನಾವು ತಳ್ಳಿಹಾಕಲಾರೆವು. ಊರ ಚಾವಡಿಯ ಕಾವಲುಗಾರನಿಗೂ ಸಂಬಳವುಂಟು. ಆದರೆ ಒಂದು ಕಾವಲಿಗೆ ಒಂದು ಲಕ್ಷ ಜನ ರಾತ್ರಿಯಿಡೀ ಎಣ್ಣೆ ಸುಟ್ಟು, ಒಬ್ಬನಿಗೆ ಮಾತ್ರ ಆ ಕೆಲಸ ದೊರೆತರೆ ಉಳಿದವರ ಎಣ್ಣೆಯ ಗತಿಯೇನು? ೨೦೨೩ರ ಬರಗಾಲದಲ್ಲಿ ಪಂಪ್‌ಸೆಟ್ಟಿಗೆ ಐದು ತಾಸಾದರೂ ಕರೆಂಟು ಕೊಡಿರೆಂದು ನಮ್ಮ ರೈತರು ಕಚೇರಿಗಳ ಮುಂದೆ ಕುಳಿತುದನ್ನು ನಾವು ಮರೆತಿಲ್ಲ. ಚೀನಾ ದೇಶ ೨೦೨೧ರಲ್ಲಿ ಗಣಿಗಾರಿಕೆಯನ್ನೇ ನಿಷೇಧಿಸಿತು. ಕೊಸೊವೊ ಎಂಬ ಚಿಕ್ಕ ದೇಶ ಚಳಿಗಾಲದ ವಿದ್ಯುತ್ ಅಭಾವದಿಂದ ೨೦೨೨ರ ಆರಂಭದಲ್ಲಿ ಯಂತ್ರಗಳನ್ನು ಜಪ್ತಿ ಮಾಡಿತು. ನಮ್ಮಲ್ಲಿ ಅಂಥ ನಿಷೇಧವಿಲ್ಲ. ರಿಸರ್ವ್ ಬ್ಯಾಂಕು ೨೦೧೮ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಈ ವ್ಯವಹಾರ ಕೂಡದೆಂದು ಹೊರಡಿಸಿದ ಸುತ್ತೋಲೆಯನ್ನು ಸುಪ್ರೀಂ ಕೋರ್ಟು ೨೦೨೦ರ ಮಾರ್ಚ್ ೪ರಂದು ರದ್ದುಪಡಿಸಿತು. ಕಾನೂನಿನ ಮಾತು ಅಷ್ಟಕ್ಕೇ ಇರಲಿ. ದುಡಿದ ಅಕ್ಕಿ ಹೆಚ್ಚಾಯಿತೆಂದು ಗಂಡನನ್ನು ಮರಳಿ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಆ ಹುಡುಗನಿಗೆ ಹೇಳಬೇಕೆಂದು ಬಾಯಿಗೆ ಬಂದಿತ್ತು. ಅವನ ಮುಖವನ್ನು ನೋಡಿ ಸುಮ್ಮನಾದೆವು.

ಬೀಗರ ಪುಸ್ತಿಕೆಯನ್ನು ಅವನ ಕೈಗೆ ಕೊಟ್ಟೆವು. ಮೊದಲ ಪುಟವನ್ನು ಓದುತ್ತಲೇ, "ಅಜ್ಜಾರ, ಇದು ಹಳೇ ಹಾಡು" ಎಂದನು. ೨೦೧೫ರಿಂದ ನಮ್ಮ ದೇಶದಲ್ಲಿ 'ಗೇನ್‌ಬಿಟ್‌ಕಾಯಿನ್' ಎಂಬ ಯೋಜನೆ ನಡೆದಿತ್ತು. ಅದರ ಮಾತೂ ಇದೇ: ಎಲ್ಲಿಯೋ ಇರುವ ಯಂತ್ರಗಳಲ್ಲಿ ಪಾಲು, ತಿಂಗಳಿಗೆ ನೂರಕ್ಕೆ ಹತ್ತು, ಹದಿನೆಂಟು ತಿಂಗಳು. ಮೊದಲು ಸೇರಿದವರಿಗೆ ಹಿಂದೆ ಸೇರಿದವರ ಹಣವನ್ನೇ ಕೊಟ್ಟರೆಂಬುದು ಆರೋಪ. ಕೊನೆಗೆ ಬಿಟ್‌ಕಾಯಿನ್ನಿನ ಬದಲು ತಮ್ಮದೇ ಹೊಸದೊಂದು ನಾಣ್ಯವನ್ನು ಜನರ ಕೈಗೆ ತುರುಕಿದರು. ಅದಕ್ಕೆ ಪೇಟೆಯಲ್ಲಿ ಬೆಲೆ ಉಳಿಯಲಿಲ್ಲ. ೬,೬೦೦ ಕೋಟಿ ರೂಪಾಯಿ ಬೆಲೆಯ ಬಿಟ್‌ಕಾಯಿನ್ ಸಂಗ್ರಹಿಸಿದ್ದರೆಂದು ಜಾರಿ ನಿರ್ದೇಶನಾಲಯ ಹೇಳುತ್ತದೆ. ಮುಖ್ಯ ಆರೋಪಿಯನ್ನು ಪುಣೆಯ ಪೊಲೀಸರು ೨೦೧೮ರಲ್ಲಿ ಬಂಧಿಸಿದ್ದರು. ಆತ ೨೦೨೨ರ ಜನವರಿಯಲ್ಲಿ ತೀರಿಕೊಂಡನು. ಪ್ರಕರಣ ಸಿ.ಬಿ.ಐ. ಕೈಗೆ ಬಂದು, ೨೦೨೫ರ ಫೆಬ್ರುವರಿಯಲ್ಲಿ ಪುಣೆ, ಕೊಲ್ಹಾಪುರ, ಬೆಂಗಳೂರು ಮೊದಲಾದೆಡೆ ಶೋಧ ನಡೆಯಿತು. ಹಣ ಹಾಕಿದವರು ಇನ್ನೂ ಕಾಯುತ್ತಿದ್ದಾರೆ.

"ಯಂತ್ರ ಇದ್ದರ ಅದಕ್ಕ ದಿನಾ ಕರೆಂಟ್ ಬೇಕು. ಧಾರಣಿ ದಿನಾ ಬದಲಾಗತೈತಿ. ತಿಂಗಳಾ ಇಷ್ಟಾ ಬರತೈತಿ ಅಂತ ಹೇಳಾವ ಅಗೀತಿಲ್ಲ, ಅವ ಬ್ಯಾರೇನೋ ಮಾಡಾಕತ್ತಾನ" ಎಂದು ಹುಡುಗ ಮೆಲ್ಲಗೆ ಹೇಳಿದನು. ಈ ಮಾತನ್ನು ನೀನೇ ಕೆಳಗೆ ಬಂದು ತಂದೆಗೆ ಹೇಳೆಂದೆವು. ಅವನು ಒಪ್ಪಲಿಲ್ಲ. ನಾವು ಎದ್ದು ಮೆಟ್ಟಿಲಿಳಿಯತೊಡಗಿದಾಗ ಹಿಂದೆ ಹೆಜ್ಜೆಯ ಸಪ್ಪಳ ಕೇಳಿತು.

ಪಡಸಾಲೆಯಲ್ಲಿ ತಂದೆ ಮಗ ಒಂದೇ ಚಾಪೆಯ ಮೇಲೆ ಕುಳಿತು ಹಳೆಯ ಹೆಸ್ಕಾಂ ಬಿಲ್ಲುಗಳನ್ನು ಹರವಿಕೊಂಡರು. ಯಜಮಾನರು ಅವುಗಳನ್ನು ಹದಿಮೂರು ತಿಂಗಳವೂ ಒಂದು ಸೂಜಿಗೆ ಚುಚ್ಚಿ ಇಟ್ಟಿದ್ದರು. ಮಗನಿಗೆ ಅದು ಗೊತ್ತಿರಲಿಲ್ಲ. ಬಹಳ ಹೊತ್ತು ಅವರು ಲೆಕ್ಕದ ಮಾತಷ್ಟನ್ನೇ ಆಡಿದರು. ಉಳಿದ ಒಂದು ಕಾರ್ಡು ಈಗ ಬೆಂಗಳೂರಿನಲ್ಲಿ ಅವನ ಗಣಕದಲ್ಲಿದೆಯಂತೆ. ಅದರಿಂದ ಹಳೆಯ ಕನ್ನಡ ಅಚ್ಚುಪುಸ್ತಕಗಳ ಅಕ್ಷರಗಳನ್ನು ಯಂತ್ರಕ್ಕೆ ಓದಿಸುವ ಅಭ್ಯಾಸ ನಡೆಸಿದ್ದಾನೆ. ನಮ್ಮಲ್ಲಿರುವ ಕೆಲವು ಹಳೆಯ ಪ್ರತಿಗಳನ್ನು ಕೇಳಿದ್ದಾನೆ, ಕೊಡುವೆವೆಂದಿದ್ದೇವೆ.

ಮುಂದಿನ ಸೋಮವಾರ ಬೀಗರು ಮೂರನೆಯ ಸಲ ಬಂದರು. ಯಜಮಾನರು ಚಹಾ ಫಲಾಹಾರ ಮಾಡಿಸಿ, ಕೈಜೋಡಿಸಿ, "ರೊಕ್ಕದ ಮಾತು ಆಮ್ಯಾಲ ಮಾಡೂಣ್ರಿ ಬೀಗರ. ಆ ಊರಾಗಿನ ಯಂತ್ರದ ಒಂದು ತಿಂಗಳ ಲೈಟ್ ಬಿಲ್ ತರಿಸಿ ತೋರಿಸ್ರಿ, ಸಾಕು" ಎಂದರಂತೆ. ಬೀಗರು ತರಿಸುತ್ತೇನೆಂದು ಹೇಳಿ ಹೋಗಿದ್ದಾರೆ. ಠೇವಣಿಯ ರಸೀದಿ ಅವ್ವನ ತಲೆದಿಂಬಿನ ಕೆಳಗಿದೆ.